ಎಡಕ್ಕೆ ತಿರುಗಿದರೆ ಹೋಗುವ ಲೈಟು

ಕಂಪಲಾಪುರದ ನೀಲಕಂಠಸ್ವಾಮಿಯ ಆಟೋ ಎಲೆಕ್ಟ್ರಿಕಲ್ ಅಂಗಡಿಯ ಮುಂದೆ ಮಂಚಯ್ಯ ತನ್ನ ಜೀಪನ್ನು ನಿಲ್ಲಿಸಲಿಲ್ಲ, ಅಡ್ಡ ಹಾಕಿದ. ನಿಲ್ಲಿಸುವುದಕ್ಕೂ ಅಡ್ಡ ಹಾಕುವುದಕ್ಕೂ ಇರುವ ವ್ಯತ್ಯಾಸ ಪಕ್ಕದ ನಂಜಣ್ಣನ ಟೀ ಅಂಗಡಿಯ ಬೆಂಚಿನವರಿಗೆ ಚೆನ್ನಾಗಿ ಗೊತ್ತು. ಏಳೆಂಟು ಜನ ಬೋಂಡಾ ಕಚ್ಚಿದ ಬಾಯನ್ನು ಹಾಗೇ ನಿಲ್ಲಿಸಿ ಇತ್ತ ತಿರುಗಿದರು. ಮಂಚಯ್ಯ ಇಳಿದು ಬಂದವನೇ ಅಂಗಿ ಜೇಬಿನಿಂದ ಗೇಣುದ್ದದ ವೈರಿನ ತುಂಡು ತೆಗೆದು ಮೇಜಿನ ಮೇಲೆ ಎಸೆದ. ಕೆಂಪು ವೈರು. ಮೈಯೆಲ್ಲ ಕರಗಿ, ಕೆಂಡದ ಮೇಲೆ ಮರೆತ ಹಪ್ಪಳದಂತೆ ಗುಳ್ಳೆ ಎದ್ದಿತ್ತು.

“ನೋಡು, ನಿನ್ನ ಒಸಾ ವೈರು ಎಂಗದೆ ನೋಡು.”

ನೀಲಕಂಠಸ್ವಾಮಿಗೆ ಮೊದಲು ಚುಚ್ಚಿದ್ದು ವೈರಲ್ಲ, ‘ನಿನ್ನ’. ಹಾರನಹಳ್ಳಿಯ ಮಂಚಯ್ಯ ಇಪ್ಪತ್ತು ವರ್ಷದಿಂದ ‘ಸ್ವಾಮೇರೇ, ನೀವು’ ಎಂದೇ ಮಾತಾಡಿಕೊಂಡು ಬಂದವನು. ಬಹುವಚನ ಹೀಗೆ ಬೆಳಗಿನ ಹತ್ತು ಗಂಟೆಗೆ, ಅದೂ ಬೋಂಡಾ ತಿನ್ನುವವರ ಮುಂದೆ ಕಳಚಿ ಬೀಳುತ್ತದೆ ಎಂದು ಅವನು ಎಣಿಸಿರಲಿಲ್ಲ.

“ಏನಾಯ್ತು ಮಂಚಯ್ಯ, ಕೂತ್ಕೊಂಡು ಹೇಳು.”

“ಕೂರಾಕ್ ಬಂದಿಲ್ಲ ನಾನು. ಇಡೀ ಜೀಪಿನ ವೈರಿಂಗು ಒಸದಾಗಿ ಮಾಡ್ಕೊಡ್ತೀನಿ ಅಂತ ಆರ್ ದಿವ್ಸ ಗಾಡಿ ಇಟ್ಕಂಡೆ. ಮಾಡ್ದೆ. ಮೂರ್ ತಿಂಗ್ಳಲ್ಲಿ ಐದ್ ಕಿತ ಲೈಟ್ ಓಯ್ತು. ಒಂದಲ್ಲ, ಮುಂದ್ಲುದು, ಇಂದ್ಲುದು, ಮೀಟ್ರುದು, ಎಲ್ಲಾ ಒಟ್ಗೆ, ಕಣ್ಗೆ ಬಟ್ಟೆ ಕಟ್ದಂಗೆ. ಮೊನ್ನೆ ಕೆರೆ ಏರಿ ತಿರುವಲ್ಲಿ ಓಗಿ ಸೀದಾ ಶುಂಠಿ ಒಲಕ್ಕೆ ನುಗ್ಗಿವ್ನಿ. ಇನ್ನೊಂದ್ ಮಾರು ಮುಂದ್ಕೋಗಿದ್ರೆ ಕೆರೆ. ನನ್ನೆಂಡ್ತಿ ಕುಂಕುಮ ನಿನ್ನ ವೈರ್ನಾಗೆ ನೇತಾಡ್ತಿತ್ತು ಕಣಯ್ಯ.”

ಬೆಂಚಿನ ಮೇಲಿಂದ ಯಾರೋ ‘ಅಯ್ಯೋ’ ಅಂದರು. ಆ ‘ಅಯ್ಯೋ’ ಸಿಕ್ಕಿದ್ದೇ ಮಂಚಯ್ಯನಿಗೆ ಎಣ್ಣೆ ಹೊಯ್ದಂತಾಯಿತು. “ಗುಜ್ರಿ ಅಂಗ್ಡಿ ಅಳೇ ವೈರ್ಗೆ ಒಸ ಟೇಪ್ ಸುತ್ತವ್ನೆ. ಇಲ್ಲ ಅನ್ನೋದಾದ್ರೆ ಸೋಮ್ವಾರ ನಮ್ಮಳ್ಳೀಗ್ ಬರ್ಲಿ. ಬಸಪ್ಪನ ಗುಡಿ ಮುಂದೆ ಕರ್ಪೂರ ಅತ್ತುಸ್ತೀನಿ. ನಾನಾಕಿದ್ದು ಒಸ ವೈರೇ ಅಂತ ಅಂಗೈಲಿ ಆರ್ಸಿ ಸತ್ಯ ಮಾಡ್ಲಿ. ಅಲ್ಲೀಗಂಟ ಈ ಅಂಗ್ಡೀಗೆ ಗಾಡಿ ಬುಡೋರು ಯೋಚ್ನೆ ಮಾಡಿ ಬುಡಿ.”

ಮಾತು ಮುಗಿಯುವ ಮೊದಲೇ ಅದರ ಫಲ ಕಂಡಿತು. ತನ್ನ ಟೆಂಪೋದ ಬ್ರೇಕ್ ಲೈಟು ಸರಿಮಾಡಿಸಲು ಬೆಳಗಿನಿಂದ ಸರದಿ ಕಾಯುತ್ತಿದ್ದ ಕನಕರಾಜು, “ಸ್ವಾಮಿ, ಮನೇಲಿ ಸ್ವಲ್ಪ ಕೆಲ್ಸ ಐತೆ, ನಾಳೆ ಬತ್ತೀನಿ” ಎಂದು ಮೆಲ್ಲಗೆ ಸ್ಟಾರ್ಟ್ ಮಾಡಿಕೊಂಡು ಹೊರಟೇಹೋದ. ಮನೆಯ ಕೆಲಸಕ್ಕೆ ಹೊರಟ ಟೆಂಪೋ ಅವನ ಮನೆಯ ಕಡೆಗೆ ತಿರುಗದೆ ಪಿರಿಯಾಪಟ್ಟಣದ ಕಡೆಗೆ ತಿರುಗಿದ್ದನ್ನು ನೀಲಕಂಠಸ್ವಾಮಿ ನೋಡಿದ. ಹೊಗೆಸೊಪ್ಪಿನ ಹರಾಜು ಶುರುವಾಗಲು ಇನ್ನು ಹದಿನೈದು ದಿನ. ಹೋಬಳಿಯ ಜೀಪು, ಟೆಂಪೋ, ಟ್ರ್ಯಾಕ್ಟರುಗಳೆಲ್ಲ ದೀಪ, ಹಾರನ್ನು ಸರಿಮಾಡಿಸಿಕೊಳ್ಳಲು ಬರುವ ಕಾಲವೇ ಇದು. ಈ ಹದಿನೈದು ದಿನದಲ್ಲಿ ಹೋದ ಹೆಸರು ಮುಂದಿನ ವರ್ಷದವರೆಗೂ ವಾಪಸ್ ಬರುವುದಿಲ್ಲ.

ಅವನು ಕರಗಿದ ವೈರನ್ನು ಎತ್ತಿ ಮೂಸಿದ. ಬೆರಳಿನಿಂದ ಸುಲಿದು ಒಳಗಿನ ತಾಮ್ರ ನೋಡಿದ. ಕಿವಿ ಕೆಂಪಾಯಿತು.

“ಇದು ಕರಗಿದ್ದಲ್ಲ ಮಂಚಯ್ಯ, ಕರಗಿಸಿದ್ದು. ಇದಕ್ಕೆ ನಾನು ಫ್ಯೂಸು ಹಾಕಿ ಕಳಿಸಿದ್ದೆ. ವೈರು ಬಿಸಿಯಾಗೋ ಮೊದಲು ಫ್ಯೂಸು ಸಾಯಬೇಕು, ಅದು ಹುಟ್ಟಿರೋದೇ ಸಾಯೋದಕ್ಕೆ. ಆ ಫ್ಯೂಸ್ ಎಲ್ಲಿ?”

ಮಂಚಯ್ಯ ಸ್ವಲ್ಪ ತಡವರಿಸಿದ. ಆಮೇಲೆ ಹೊರಬಂದದ್ದು ಮೂರು ತಿಂಗಳ ಪ್ರವಾಸಕಥನ. ಒಂದು ಶಾರ್ಟ್ ಸರ್ಕೀಟಿಗಾಗಿ ಅವನು ಹೊಡೆದದ್ದು ಬಲು ಉದ್ದದ ಸರ್ಕೀಟು. ಮೊದಲು ಹುಣಸೂರು, ಅಲ್ಲಿಯವನು ಡಿಮ್ ಸ್ವಿಚ್ಚು ಬದಲಾಯಿಸಿದ. ಶುಂಠಿ ಬಿತ್ತನೆ ತರಲು ಎಚ್.ಡಿ. ಕೋಟೆಗೆ ಹೋದಾಗ ಅಲ್ಲೊಬ್ಬ. ಅವನು ಬ್ಯಾಟರಿ ಬದಲಾಯಿಸಿದ. ಸಾಲಿಗ್ರಾಮಕ್ಕೆ ಮಗಳ ಮನೆಗೆ ಹೋಗುವಾಗ ಕೆ.ಆರ್. ನಗರದಲ್ಲಿ ಇನ್ನೊಬ್ಬ, ಅವನು ಫ್ಯೂಸನ್ನೇ ಕಿತ್ತು ಬಿಸಾಕಿ ಆ ಜಾಗಕ್ಕೆ ದಪ್ಪ ತಾಮ್ರದ ತಂತಿ ಬಿಗಿದ.

“ಯಾಕಂತೆ?”

“ಫ್ಯೂಸ್ ಇದ್ರೆ ತಾನೆ ಫ್ಯೂಸ್ ಓಗಾದು ಅಂದ.”

ನೀಲಕಂಠಸ್ವಾಮಿಗೆ ಬೇರೆಯವರ ದನಿ ಕೇಳಿದರೆ ತನ್ನ ಗಂಟಲಿಗೆ ಹಾಕಿ ನೋಡುವ ಚಟ ಹುಟ್ಟಿನಿಂದಲೂ ಇತ್ತು. ಅವನ ಕಸುಬಿಗೂ ಅದು ಬೇಕಿತ್ತು: ಗಿರಾಕಿಗಳು ಫೋನಿನಲ್ಲಿ ‘ಏನೋ ಸವುಂಡ್ ಬತ್ತದೆ’ ಎಂದರೆ, ಅವನು ಇತ್ತಲಿಂದ ‘ಕಟಕಟಕಟ ಅಂತದಾ, ಟುಕ್ ಅಂತ ಸುಮ್ಮನಾಗ್ತದಾ, ಇಲ್ಲಾ ಮುದಿ ಎಮ್ಮೆ ನರಳಿದಂಗಾ’ ಎಂದು ಮೂರನ್ನೂ ಮಾಡಿ ತೋರಿಸುತ್ತಿದ್ದ. ಗಿರಾಕಿ ‘ಎಮ್ಮೇನೇ ಸ್ವಾಮಿ’ ಎಂದರೆ ಬ್ಯಾಟರಿ ಇಳಿದಿದೆ ಎಂದು ಅರ್ಥ. ಈಗ ಸಿಟ್ಟಿನಲ್ಲೂ ಆ ಚಟ ಬಿಡಲಿಲ್ಲ. ಹುಣಸೂರಿನವನ ಮೂಗು, ಕೋಟೆಯವನ ಮಲಯಾಳದ ಎಳೆತ, ಕೆ.ಆರ್. ನಗರದವನ ಗುಟ್ಕಾ ತುಂಬಿದ ಬಾಯಿ, ಒಂದೇ ಕಸುಬಿನ ಪರಿಚಯದ ಈ ಮೂರನ್ನೂ ತನ್ನ ಗಂಟಲಿಗೆ ಕರೆಸಿದ. “ಬಾನೆಟ್ ಎತ್ತಿದ ತಕ್ಷಣ ಮೂರು ಜನಾನೂ ಏನಂದ್ರು ಹೇಳ್ಲಾ? ‘ಯಾವೋನಣ್ಣ ಇದ್ನ ಮುಟ್ಟಿದ್ದೂ?’ ‘ಚೇಟಾ, ಆರು ಮಾಡಿದ್ದು ಇದು?’ ‘ವ್ಯಾವ ವತ್ತೆ ವಾಡಿದ್ದು ವಿದನ್ನ?’”

ಬೆಂಚಿನವರು ನಕ್ಕುಬಿಟ್ಟರು. ಮಂಚಯ್ಯನಿಗೂ ನಗು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. “ನಗ್ಸಿ ತಪ್ಪುಸ್ಕಬ್ಯಾಡ. ಸತ್ಯ ಮಾಡ್ತೀಯೋ ಇಲ್ವೋ?”

“ಮಾಡಲ್ಲ.”

ನಂಜಣ್ಣ ಟೀ ಸೋಸುವುದನ್ನು ನಿಲ್ಲಿಸಿದ. ಸತ್ಯ ಮಾಡುವುದಿಲ್ಲ ಎಂದವನು ಅರ್ಧ ತಪ್ಪು ಒಪ್ಪಿಕೊಂಡಂತೆ ಎಂಬುದು ಆ ಸೀಮೆಯ ಬರೆಯದ ಕಾನೂನು.

ಅಂಗಡಿಯ ಹಿಂದೆಯೇ ಮನೆ. ಗಲಾಟೆಗೆ ಬಾಗಿಲಿಗೆ ಬಂದಿದ್ದ ಹೆಂಡತಿ ಉಷಾರಾಣಿ ಮೆಲ್ಲಗೆ, “ನೀವು ಹೊಸ ವೈರೇ ಹಾಕಿದ್ದು ತಾನೇ? ಒಂದು ಕರ್ಪೂರ ಆರಿಸಿದ್ರೆ ಏನು ಗಂಟು ಹೋಗುತ್ತೆ? ಮಾಡಿ ಬಂದ್ಬಿಡಿ” ಎಂದಳು.

“ಗಂಟು ಹೋಗಲ್ಲ, ಮೂವತ್ತು ವರ್ಷ ಹೋಗುತ್ತೆ. ಇವತ್ತು ಜೀಪಿಗೆ ಸತ್ಯ ಮಾಡಿದ್ರೆ ನಾಳೆ ಹಾರನ್ನಿಗೆ, ನಾಡಿದ್ದು ಇಂಡಿಕೇಟರ್ ಬಲ್ಬಿಗೆ. ದಿನಾ ಬೆಳಗ್ಗೆ ಕರ್ಪೂರದ ಡಬ್ಬಿ ಹಿಡ್ಕೊಂಡು ಅಂಗಡಿ ತೆಗೀಲಾ?” ಎಂದ ನೀಲಕಂಠಸ್ವಾಮಿ, ಬೆಂಚಿಗೂ ಕೇಳುವಂತೆ. ಆಮೇಲೆ ಮಂಚಯ್ಯನ ಕಡೆ ತಿರುಗಿದ. “ಬಸಪ್ಪನ್ನ ಯಾಕಯ್ಯ ಸಾಕ್ಷಿಗೆ ಎಳೀತೀಯ? ಅವನೇನು ಐಟಿಐ ಓದಿದಾನಾ? ವೈರಿನ ವಿಷಯ ವೈರೇ ಹೇಳ್ಬೇಕು. ಸೋಮವಾರ ಬೇಡ, ಈಗಲೇ ನೋಡೋಣ. ನನ್ನ ವೈರಿನಿಂದ ಲೈಟು ಹೋಗಿದ್ರೆ ಈ ಬೋರ್ಡು ನಾನೇ ಇಳಿಸ್ತೀನಿ. ಅಲ್ಲ ಅಂತಾದ್ರೆ ನೀನು ಇದೇ ಜಾಗದಲ್ಲಿ ನಿಂತು, ಇಷ್ಟೇ ಗಟ್ಟಿಯಾಗಿ, ಸ್ವಾಮಿ ಕೆಲಸ ಸರಿಯಾಗಿತ್ತು ಅಂತ ಹೇಳ್ಬೇಕು. ಒಪ್ಪಿಗೆಯಾ?”

“ಒಪ್ದೆ, ಮಾಡು.”

ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ ನೀಲಕಂಠಸ್ವಾಮಿಗೆ ಕಂಡದ್ದು ತನ್ನದೇ ಮನೆಗೆ ಕಳ್ಳರು ನುಗ್ಗಿ ಹೋದಂಥ ದೃಶ್ಯ. ಅವನು ಆರು ದಿನ ಕೂತು, ಅವ್ವ ಮಲ್ಲಿಗೆ ಕಟ್ಟುತ್ತಿದ್ದ ಹಾಗೆ ಒಂದೊಂದು ಕವಲನ್ನೂ ಬಿಗಿದು, ಅರ್ಧದ ಮೇಲೆ ಅರ್ಧ ಬರುವಂತೆ ಟೇಪು ಸುತ್ತಿದ್ದ ವೈರಿಂಗು ಅದು. ಈಗ ಅಲ್ಲಿ ಹುಣಸೂರಿನವನು ಹಸಿರು ವೈರಿಗೆ ಹಳದಿ ಗಂಟು ಹಾಕಿದ್ದ, ಕೋಟೆಯವನು ನೀಲಿಗೆ ಕಪ್ಪು ಹೆಣೆದಿದ್ದ, ಕೆ.ಆರ್. ನಗರದವನು ಟೇಪು ಸಾಲದೆ ಬೆರಳಿನ ಗಾಯಕ್ಕೆ ಸುತ್ತುವ ಪಟ್ಟಿಯನ್ನೇ ಅಂಟಿಸಿದ್ದ. “ಸಂತೇಲಿ ಕೂಸು ಕಳ್ಕೊಂಡಂಗೆ ಆಯ್ತಲ್ಲಯ್ಯ” ಎಂದು ಅವನು ಒಳಗಿಂದಲೇ ಗೊಣಗಿದ.

ವೈರಿನಲ್ಲಿ ಸುಟ್ಟಷ್ಟು ಭಾಗಕ್ಕೆ ಮಾತ್ರ ಹೊರಗಿನಿಂದ ಬೇರೆ ವೈರು ಎಳೆದು ತಾತ್ಕಾಲಿಕ ಜೋಡಣೆ ಮಾಡಿದ. ತಾಮ್ರದ ತಂತಿ ಕಿತ್ತೆಸೆದು ಹೊಸ ಫ್ಯೂಸು ಕೂರಿಸಿದ. ಲೈಟು ಹಾಕಿದ, ಉರಿಯಿತು. ಹಾರನ್ನು ಒತ್ತಿದ, ಡಿಮ್ ಡಿಪ್ ಮಾಡಿದ, ಬಾನೆಟ್ ಹಿಡಿದು ಅಲ್ಲಾಡಿಸಿದ. ಏನೂ ಆಗಲಿಲ್ಲ. ಅರ್ಧ ಗಂಟೆ ಉರಿಸಿಟ್ಟ. ಫ್ಯೂಸು ಕಲ್ಲುಗುಂಡಿನಂತೆ ಇತ್ತು.

“ನೋಡ್ದಾ,” ಎಂದ ಮಂಚಯ್ಯ, “ಎಲ್ಲಾರ್ ಮುಂದೂ ಇಂಗೇ. ಡಾಕ್ಟ್ರ ಮುಂದೆ ಜ್ವರ ಇರಾದಿಲ್ಲ.”

“ನಿಂತ ಗಾಡಿ ಸುಳ್ಳು ಹೇಳುತ್ತೆ. ಓಡಿಸು, ನಿನ್ನೂರಿಗೇ ಹೋಗೋಣ. ಅಷ್ಟೂ ದೂರ ನೋಡ್ತೀನಿ.”

ಅವನು ಫ್ಯೂಸನ್ನು ಕಳಚಿ, ಅದರ ಎರಡು ಕಾಲಿನ ಜಾಗಕ್ಕೆ ಎರಡು ವೈರು ಚುಚ್ಚಿ, ವೈರಿನ ತುದಿಗೆ ಒಂದು ಹಳೆ ಹೆಡ್‌ಲೈಟ್ ಬಲ್ಬು ಕಟ್ಟಿ ತನ್ನ ಕೈಯಲ್ಲಿ ಹಿಡಿದು ಮುಂದಿನ ಸೀಟಿನಲ್ಲಿ ಕೂತ. “ಲೈಟಿನ ಸ್ವಿಚ್ಚು ಆಫ್ ಮಾಡಿದೀನಿ. ಹಂಗಾಗಿ ಈ ಬಲ್ಬಿಗೆ ಉರಿಯೋ ಕೆಲಸವೇ ಇಲ್ಲ. ಉರೀತು ಅಂದ್ರೆ, ವೈರು ಎಲ್ಲೋ ಗಾಡಿ ಮೈಗೆ ತಾಗಿ ಕರೆಂಟು ಸೋರ್ತಾ ಇದೆ ಅಂತ ಲೆಕ್ಕ. ಫ್ಯೂಸ್ ಆದ್ರೆ ಸತ್ತು ಸುಮ್ಮನಾಗುತ್ತೆ. ಬಲ್ಬು ಬದುಕಿದ್ದು ಹೇಳುತ್ತೆ.”

ಮಂಚಯ್ಯ ಗಾಡಿ ಬಿಟ್ಟ. ಉಬ್ಬು ಬಂದರೆ ಮಂಚಯ್ಯ ಬೇಕೆಂದೇ ನಿಧಾನ ಮಾಡುತ್ತಿರಲಿಲ್ಲ. ನೀಲಕಂಠಸ್ವಾಮಿಯ ತಲೆ ಮೇಲಿನ ತಗಡಿಗೆ ಬಡಿಯುತ್ತಿತ್ತು, ಬಲ್ಬು ಮಾತ್ರ ಕುರುಡಾಗಿ ಕೂತಿತ್ತು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನು ಮನೆಗಳು ದಾಟಿದವು. ಹಾರನಹಳ್ಳಿ ಇನ್ನೇನು ಕಾಣಬೇಕು, ಕೆರೆ ಏರಿಯ ಎಡ ತಿರುವು. ಜೀಪು ಎಡಕ್ಕೆ ಹೊರಳಿದಾಗ ಬಲ್ಬು ಫಳಕ್ಕೆಂದು ಹೊತ್ತಿ, ತಿರುವು ಮುಗಿಯುತ್ತಿದ್ದಂತೆ ಆರಿತು.

ನೀಲಕಂಠಸ್ವಾಮಿ ಬಲ್ಬನ್ನು ಮಂಚಯ್ಯನ ಮೂಗಿನ ಹತ್ತಿರ ಹಿಡಿದ. “ಐದು ಸಲ ಲೈಟು ಹೋಯ್ತಲ್ಲ, ಎಲ್ಲೆಲ್ಲಿ?”

“ಇಲ್ಲೊಂದು. ಇಲವಾಲದತ್ರ ಒಂದು. ಕೋಟೆ ರಸ್ತೇಲಿ... ತಡಿ, ಎಲ್ಲಾ ಎಡದ ತಿರುವೇಯ.”

“ಮೂರು ಜನ ರಿಪೇರಿ ಮಾಡಿದ್ರಲ್ಲ, ಮಾಡಿಸ್ಕೊಂಡು ಬಂದ ಮೇಲೆ ನೀನು ಓಡಿಸಿ ನೋಡ್ಲಿಲ್ವಾ?”

“ನೋಡ್ದೆ ಇರ್ತೀನಾ? ಒಂದೊಂದ್ ಕಿತವೂ ಬಸಪ್ಪನ ಗುಡಿಗೆ ಮೂರ್ ಸುತ್ತು ಸುತ್ತುಸ್ದೆ, ಲೈಟ್ ಆಕ್ಕಂಡೇಯ. ಒಂದ್ಸಲಾನೂ ಓಗ್ಲಿಲ್ಲ.”

ನೀಲಕಂಠಸ್ವಾಮಿ ಬಲ್ಬನ್ನು ತೊಡೆಯ ಮೇಲೆ ಇಟ್ಟುಕೊಂಡ. ಹೊಸ ಗಾಡಿಯಿರಲಿ, ರಿಪೇರಿಯಾದ ಗಾಡಿಯಿರಲಿ, ಊರಿಗೆ ಬಂದರೆ ಮೊದಲು ಗುಡಿಗೆ ಮೂರು ಸುತ್ತು. ಅದೇ ಪೂಜೆ, ಅದೇ ಪರೀಕ್ಷೆ. ಮೂರು ತಿಂಗಳ ಹಿಂದೆ ಕೆಲಸ ಮುಗಿಸಿ ಗಾಡಿ ಒಪ್ಪಿಸಲು ಬಂದಾಗ ಅವನೂ ಅದೇ ಗುಡಿಗೆ ಮೂರು ಸುತ್ತು ಹೊಡೆದು, ಕೈಮುಗಿದು, ಎಲ್ಲ ಸರಿಯಾಗಿದೆ ಎಂದು ಎದೆಯುಬ್ಬಿಸಿ ಹೋಗಿದ್ದ.

“ಪ್ರದಕ್ಷಿಣೆ ಯಾವ ಕಡೆಗಯ್ಯ?” ಎಂದ.

“ಬಲಕ್ಕೆ. ಇನ್ಯಾವ ಕಡೀಕೆ ಅಂತೀಯ?”

“ಅದೇ ಮತ್ತೆ. ನಿನ್ನ ಗಾಡಿಗೆ ರೋಗ ಇರೋದು ಎಡಕ್ಕೆ. ದೇವರ ಸುತ್ತ ನೂರು ಸುತ್ತು ಹೊಡೆದ್ರೂ ಅದು ಕಾಣ್ತಿರಲಿಲ್ಲ.”

ಬಸಪ್ಪನ ಗುಡಿಯ ಸುತ್ತ ಜೀಪು ಸಲೀಸಾಗಿ ತಿರುಗುವಷ್ಟು ಬಯಲು. ಮಂಚಯ್ಯ ರೂಢಿಯಂತೆ ಬಲಕ್ಕೆ ಮೂರು ಸುತ್ತು ಹೊಡೆದ; ಬಲ್ಬು ಕಣ್ಣೇ ಬಿಡಲಿಲ್ಲ. “ಈಗ ಎಡಕ್ಕೆ” ಎಂದ ನೀಲಕಂಠಸ್ವಾಮಿ. ಜೀಪು ಎಡಕ್ಕೆ ಹೊರಳಿದ್ದೇ ತಡ, ಗುಡಿಯ ಜಗಲಿಯ ಮೇಲೆ ಕೂತಿದ್ದ ದೊಡ್ಡಬೀರಯ್ಯ ಕೋಲು ಎತ್ತಿಕೊಂಡು ಅಡ್ಡ ಬಂದ. ಎಂಬತ್ತು ದಾಟಿದ ಮನುಷ್ಯ, ಊರಿಗೆಲ್ಲ ದೊಡ್ಡವನು.

“ಲೇ ಮಂಚ, ಏನ್ಲಾ ಇದು? ಯಾರ್ನ ಸುತ್ತಾ ಇದ್ದೀಯ ಎಡಕ್ಕೆ? ಸಾವಿನ ಮನೆಯಾ ಇದು?”

“ಸ್ವಾಮೇರು ಸುತ್ತು ಅಂದ್ರು ಮಾವ.”

“ಅವ್ರು ಲಿಂಗ ಕಟ್ದೋರು. ಅವ್ರ್ ಬಾಯಲ್ಲಿ ಈ ಮಾತ್ ಬಂತಾ?”

ಮಂಚಯ್ಯನಿಗೆ ಇದ್ದಕ್ಕಿದ್ದಂತೆ ‘ಸ್ವಾಮೇರು’ ನೆನಪಾದದ್ದು ಬೈಸಿಕೊಳ್ಳುವ ಪಾಲನ್ನು ದಾಟಿಸಲಿಕ್ಕೆ ಎಂದು ನೀಲಕಂಠಸ್ವಾಮಿಗೆ ತಿಳಿಯದೆ ಇರಲಿಲ್ಲ. ಅವನು ಕೆಳಗಿಳಿದು, “ಗುಡಿಗೆ ಸುತ್ತೋದು ಬೇಡ ಅಜ್ಜ, ಗುಡಿ ಮುಂದೆ ಸುತ್ತಲಿ. ಬಸಪ್ಪ ಸುತ್ತಿನ ಹೊರಗಡೆ ಇರ್ತಾನೆ. ಆಗ ಅದು ಎಡವೂ ಅಲ್ಲ ಬಲವೂ ಅಲ್ಲ, ಬರೀ ಓಡಾಟ” ಎಂದ. ದೊಡ್ಡಬೀರಯ್ಯ ಗುಡಿಯನ್ನು ನೋಡಿದ, ಬಯಲು ನೋಡಿದ, ಕೋಲಿನಲ್ಲಿ ಗಾಳಿಯಲ್ಲೊಂದು ಸುತ್ತು ಬರೆದು ನೋಡಿದ. ನ್ಯಾಯ ಒಪ್ಪಿತು. ಒಪ್ಪಿದ್ದಷ್ಟೇ ಅಲ್ಲ, ಬಲ್ಬು ನೋಡುವ ಕೆಲಸಕ್ಕೆ ತಾನೇ ಜೀಪು ಹತ್ತಿದ.

ಆ ಮೇಲಿನ ಅರ್ಧ ಗಂಟೆ ಹಾರನಹಳ್ಳಿಯವರು ಅದುವರೆಗೆ ನೋಡಿರದ ನೋಟ. ಮಂಚಯ್ಯ ಬಯಲಿನಲ್ಲಿ ಗಾಣದೆತ್ತಿನಂತೆ ಎಡಕ್ಕೆ ಎಡಕ್ಕೆ ಸುತ್ತುತ್ತಿದ್ದಾನೆ. ಕಂಪಲಾಪುರದ ಸ್ವಾಮಿಗಳ ಕಾಲು ಮಾತ್ರ ಜೀಪಿನ ಹೊರಗೆ. ಉಳಿದದ್ದೆಲ್ಲ ಡ್ಯಾಶ್‌ಬೋರ್ಡಿನ ಒಳಗೆ. ಹಿಂದಿನ ಸೀಟಿನಲ್ಲಿ ದೊಡ್ಡಬೀರಯ್ಯ ಕನ್ನಡಿಗೆ ನೇತುಹಾಕಿದ ಬಲ್ಬನ್ನೇ ನೋಡುತ್ತ, ಮೂರನೇ ಅಂಪೈರಿನ ಗತ್ತಿನಲ್ಲಿ, “ಅತ್ತು... ಅತ್ತೇ ಅದೆ... ಆರ್ತು... ಅತ್ತು” ಎಂದು ಕೂಗುತ್ತಿದ್ದಾನೆ.

ನೀಲಕಂಠಸ್ವಾಮಿ ಒಂದೊಂದೇ ಕವಲನ್ನು ಮುಷ್ಟಿಯಲ್ಲಿ ಅಲುಗದಂತೆ ಹಿಡಿಯುತ್ತ ಬಂದ. ಸ್ವಿಚ್ಚಿನ ಕವಲು ಹಿಡಿದ, “ಅತ್ತೇ ಅದೆ”. ಮೀಟರಿನದು ಹಿಡಿದ, “ಅತ್ತೇ ಅದೆ”. ಎಲ್ಲ ಕವಲೂ ಸೇರುವ ದಪ್ಪ ಕಟ್ಟಿನ ಹಿಂಭಾಗಕ್ಕೆ, ಕಣ್ಣಿಗೆ ಕಾಣದ ಕಡೆಗೆ ಕೈ ಹಾಕಿ ಹಿಡಿದ. “ಆರ್ತು” ಎಂದ ದೊಡ್ಡಬೀರಯ್ಯ. ಕೈ ಬಿಟ್ಟ, “ಅತ್ತು”. ಹಿಡಿದ, “ಆರ್ತು”. ಮತ್ತೊಮ್ಮೆ ಬಿಗಿಯಾಗಿ ಹಿಡಿಯಲು ಹೋದಾಗ ಏನೋ ಚೂಪಾದದ್ದು ಬೆರಳು ಕೊಯ್ಯಿತು.

“ನಿಲ್ಲಿಸು” ಎಂದ. ಅದನ್ನು ಕಟ್ಟಿದ್ದ ದಾರ ಕತ್ತರಿಸಿ ಹೊರಗೆ ಎಳೆದಾಗ ಅವನ ರಕ್ತ ಹತ್ತಿದ ಅಂಗೈಯಲ್ಲಿ ಕಂಡದ್ದು ಒಂದು ತಾಮ್ರದ ತಗಡು. ನಾಲ್ಕು ಬೆರಳಗಲ. ಮೇಲೆ ಚೌಕಗಳು, ಚೌಕಗಳೊಳಗೆ ಅಕ್ಷರ, ಮೂಲೆಯ ತೂತಿನಲ್ಲಿ ಗಂಟು ಗಂಟಾಗಿ ಕಪ್ಪು ದಾರ. ವೈರಿನ ಕಟ್ಟಿಗೆ ಕಟ್ಟಿದ ಈ ತಗಡು ಜೀಪಿನ ಕುಲುಕಾಟಕ್ಕೆ ಗರಗಸದ ಹಾಗೆ ಆಡಿ ಆಡಿ ಟೇಪನ್ನೂ ಕೆಂಪು ವೈರಿನ ಮೈಯನ್ನೂ ಕೊಯ್ದಿತ್ತು. ಗಾಡಿ ಎಡಕ್ಕೆ ತಿರುಗಿದರೆ ಅದರ ಇನ್ನೊಂದು ಅಂಚು ಬಲಕ್ಕೆ ತೂಗಿ ಸ್ಟಿಯರಿಂಗಿನ ಕಬ್ಬಿಣಕ್ಕೆ ತಾಗುತ್ತಿತ್ತು. ಬಲಕ್ಕೆ ತಿರುಗಿದರೆ ತಾಗುತ್ತಿರಲಿಲ್ಲ. ಇಷ್ಟೇ.

“ನೋಡು,” ಎಂದ ನೀಲಕಂಠಸ್ವಾಮಿ. “ನನ್ನ ವೈರಿಗೆ ಗುಜರಿ ಅಂದ್ಯಲ್ಲ, ನೋಡು.”

ಮಂಚಯ್ಯ ನೋಡಿದ. ಆದರೆ ಅವನಿಗೆ ಕಂಡದ್ದು ವೈರೂ ಅಲ್ಲ, ತಪ್ಪೂ ಅಲ್ಲ. “ಮಾಟ” ಎಂದ. ಮುಖ ಬಿಳಿಚಿಕೊಂಡಿತು, ಆಮೇಲೆ ಕಪ್ಪಾಯಿತು. “ಮಾಟ ಮಾಡ್ಸವ್ರೆ ಮಾವ. ನನ್ನ ಕೊಲ್ಲಾಕೆ. ಇದು ಸಣ್ಣಬೀರನ ಕೆಲ್ಸವೇಯ, ದನದ ಕೊಟ್ಗೆ ಗೋಡೆ ಇಸ್ಯಕ್ಕೆ. ಕರೀರಿ ಅವನ್ನ, ಇಲ್ಲೇ, ಈಗ್ಲೇ ಸತ್ಯ ಮಾಡ್ಲಿ.” ಸಣ್ಣಬೀರಯ್ಯ ಅವನ ಒಡಹುಟ್ಟಿದ ತಮ್ಮ. ಸೇರಿದ್ದ ಜನರಲ್ಲಿ ಇಬ್ಬರು ಆಗಲೇ ಅವನ ಮನೆ ಕಡೆ ಓಡಿದರು.

ನೀಲಕಂಠಸ್ವಾಮಿಗೆ ಮೈ ಉರಿದುಹೋಯಿತು. ಬೆಳಗ್ಗೆ ತನಗೆ ಹಾಕಿದ ಕುಣಿಕೆಯನ್ನೇ ಈ ಮನುಷ್ಯ ಮಧ್ಯಾಹ್ನಕ್ಕೆ ತಮ್ಮನ ಕುತ್ತಿಗೆಗೆ ಹಾಕುತ್ತಿದ್ದಾನೆ. ನಡುವೆ ‘ತಪ್ಪಾಯ್ತು’ ಎನ್ನುವ ಮೂರಕ್ಷರಕ್ಕೆ ಜಾಗವೇ ಇಲ್ಲ. “ಮಂಚಯ್ಯ, ನಿನ್ನ ಬಾಯಿಗೂ ಒಂದು ಫ್ಯೂಸ್ ಹಾಕ್ಸಬೇಕು” ಎಂದು ಅವನು ಶುರುಮಾಡುವಷ್ಟರಲ್ಲಿ ಜನರ ಹಿಂದಿನಿಂದ ಒಂದು ದನಿ ಬಂತು.

“ಯಾರ್ನೂ ಕರೀಬ್ಯಾಡಿ. ಅದ್ನ ಕಟ್ಟಿದ್ದು ನಾನು.”

ಮಂಚಯ್ಯನ ಹೆಂಡತಿ ಚಿಕ್ಕಬೀರಮ್ಮ. ಸೊಪ್ಪು ಪೋಣಿಸುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಅಂಗೈಗಳು ಹೊಗೆಸೊಪ್ಪಿನ ಮೇಣದಿಂದ ಕಪ್ಪಾಗಿ ಹೊಳೆಯುತ್ತಿದ್ದವು.

“ನೀನಾ?” ಎಂದ ಮಂಚಯ್ಯ.

“ನಾನೇ. ಸಾಲಿಗ್ರಾಮದಲ್ಲಿ ರಕ್ಷೆ ಬರ್ಸ್ಕಂಡ್ ಬಂದೆ. ಒಸಾ ವೈರಿಂಗು ಮಾಡ್ಸಿವ್ನಿ ಅಂತ ಊರ್ಗೆಲ್ಲಾ ಬಾನೆಟ್ ಎತ್ತಿ ಎತ್ತಿ ತೋರುಸ್ತಿದ್ರಲ್ಲ, ಕಣ್ಣಾಗ್ದೆ ಇದ್ದದಾ?”

“ಅಲ್ಲಮ್ಮ,” ಎಂದ ನೀಲಕಂಠಸ್ವಾಮಿ, ಸಿಟ್ಟನ್ನು ಹಲ್ಲಿನ ನಡುವೆ ಹಿಡಿದು, “ಕಟ್ಟೋದು ಕಟ್ಟಿದ್ರಿ, ಕನ್ನಡಿಗೆ ಕಟ್ಬಾರ್ದಿತ್ತಾ? ಕೈ ತೂರದ ಜಾಗಕ್ಕೆ, ಆ ವೈರಿಗೇ ಯಾಕೆ ಕಟ್ಟಿದ್ರಿ?”

“ನೀವೇ ಅಲ್ವಾ ಸ್ವಾಮೇರೇ ಏಳಿದ್ದು? ಗಾಡಿ ತಂದ್ಕೊಟ್ಟಾಗ ಟಾರ್ಚ್ ಬುಟ್ಟು ಆ ದಪ್ಪ ಕಟ್ಟು ತೋರ್ಸಿ, ‘ಈ ಜೀಪಿನ ಪ್ರಾಣವೇ ಇಲ್ಲಿರೋದು, ಇದೊಂದು ನೆಟ್ಟಗಿದ್ರೆ ಇನ್ನಿಪ್ಪತ್ ವರ್ಸ ಏನೂ ಆಗಕಿಲ್ಲ’ ಅಂತ. ಪ್ರಾಣ ಇರೋ ಜಾಗಕ್ಕಲ್ವಾ ರಕ್ಷೆ ಕಟ್ಟೋದು?”

ನೀಲಕಂಠಸ್ವಾಮಿ ಹಾಗೆ ಹೇಳಿದ್ದು ನಿಜ. ಇನ್ನೂ ದೊಡ್ಡ ದನಿಯಲ್ಲೇ ಹೇಳಿದ್ದ.

“ಲೈಟ್ ಓದ್ವು ಅಂತ ಐದ್ ಕಿತ ನಿಂಗೇಳಿದ್ನಲ್ಲೇ,” ಎಂದ ಮಂಚಯ್ಯ, “ಆಗಾದ್ರೂ ಬಾಯ್ ಬುಡ್ಬಾರ್ದಾ?”

“ಏನಂತ ಬುಡ್ಲಿ? ಲೈಟ್ ಓಯ್ತು, ಬದುಕ್ ಬಂದೆ ಅಂತ ನೀವಂದಾಗೆಲ್ಲಾ ರಕ್ಷೇನೇ ಕಾಪಾಡ್ತು ಅಂದ್ಕಂಡು ತುಪ್ಪದ್ ದೀಪ ಅಚ್ದೆ.” ಈಗ ಅವಳ ದನಿ ಏರಿತು. “ನೀವ್ ಕೇಳುದ್ರಾ? ಉಣಸೂರಿನೋನ್ನ ಕೇಳುದ್ರಿ, ಕೋಟೆಯೋನ್ನ ಕೇಳುದ್ರಿ, ನಗರದೋನ್ನ ಕೇಳುದ್ರಿ. ಮೂರ್ ತಾಲೂಕು ಸುತ್ತುದ್ರಿ. ಆ ಗಾಡಿ ತೊಳ್ಯೋಳ್ ಯಾರು? ಒಳ್ಗಡೆ ಸೊಪ್ಪಿನ ಕಸ ಗುಡ್ಸೋಳ್ ಯಾರು? ಒಂದ್ ದಿನ, ಒಂದೇ ಒಂದ್ ದಿನ ‘ಗಾಡಿ ಒಳೀಕೆ ಯಾನಾದ್ರೂ ಕೈ ಆಕಿದ್ದಾ’ ಅಂತ ಒಲೆ ಮುಂದೆ ಬಂದು ಕೇಳಿದ್ರೆ ಏಳ್ತಿರ್ಲಿಲ್ವಾ? ಈಗ ಮೈದುನುಂಗೆ ಕರ್ಪೂರ ಇಡೀ ಅಂತೀರಿ. ಬೆಳಗ್ಗೆ ಸ್ವಾಮೇರ್ಗೆ. ನಿಮ್ಮನ್ನ ಕಟ್ಕಂಡಿದ್ಕೆ ನಾನೂ ದಿನಾ ಆರುಸ್ತಾ ಇರ್ಬೇಕೇನೋ.”

ದೊಡ್ಡಬೀರಯ್ಯ ಜೀಪಿನಿಂದ ನಿಧಾನವಾಗಿ ಇಳಿದು, ಯಾರ ಮುಖವನ್ನೂ ನೋಡದೆ ಜಗಲಿಗೆ ಹೋಗಿ ಕೂತ. ಜನ ಚದುರಿದರು. ಸಣ್ಣಬೀರಯ್ಯನನ್ನು ಕರೆಯಲು ಹೋದವರು ದಾರಿಯಲ್ಲೇ ವಾಪಸ್ ಆದರು.

ಮಂಚಯ್ಯ ನೀಲಕಂಠಸ್ವಾಮಿಯನ್ನು ಜೀಪಿನ ಮರೆಗೆ ಕರೆದ. ಬಹುವಚನ ಪೂರ್ತಿಯಾಗಿ ವಾಪಸ್ ಬಂದಿತ್ತು. “ಸ್ವಾಮೇರೇ, ಆದದ್ದಾಯ್ತು ಬುಡಿ. ನಂಜಣ್ಣನ ಅಂಗ್ಡೀಲಿ ನಾನೇ ಏಳ್ತೀನಿ, ಇಲಿ ಕಡ್ದಿತ್ತು ಅಂತ. ಎಂಡ್ತಿ ತಗಡು ಕಟ್ಟಿದ್ಲು ಅಂದ್ರೆ ನಾಳೆ ನಾನು ಸಂತೇಲಿ ತಲೆ ಎತ್ತಂಗಿಲ್ಲ.”

“ಇಲಿ ಕಡಿಯೋಕೆ ಅದೇನು ಕೊಬ್ಬರೀನಾ? ಸ್ವಾಮಿ ಸುತ್ತಿದ ಟೇಪು ಇಲಿಗೂ ಬಗ್ಗುತ್ತೆ ಅಂತ ಊರು ಆಡ್ಕೊಳ್ಳಲಿ ಅಂತಲಾ? ಸುಳ್ಳು ಹೇಳಿ ನನ್ನ ಹೆಸರು ಕಳೆದೆ, ಈಗ ಸುಳ್ಳು ಹೇಳೇ ಉಳಿಸ್ತೀನಿ ಅಂತೀಯ. ಬೇಡ. ಮಾತು ಆಡಿದೀಯ, ನಿಜ ಹೇಳು, ಇಲ್ಲಾ ನಾನು ನಡ್ಕೊಂಡೇ ಕಂಪಲಾಪುರಕ್ಕೆ ಹೋಗಿ ನಾನೇ ಹೇಳ್ತೀನಿ.”

“ಎಣ್ಮಕ್ಳ ಇಸ್ಯ ಸ್ವಾಮೇರೇ...”

“ಎಣ್ಮಕ್ಳು ಇಲ್ಲೇ ಅವ್ಳೆ” ಎಂದಳು ಚಿಕ್ಕಬೀರಮ್ಮ. ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಜೀಪಿನ ಹಿಂದಿನ ಸೀಟು ಹತ್ತಿ ಕೂತಿದ್ದಳು. “ನಡೀರಿ. ನಾನೇ ಏಳ್ತೀನಿ.”

ನಂಜಣ್ಣನ ಟೀ ಅಂಗಡಿಯ ಬೆಂಚಿನ ಹತ್ತಿರ ಹೆಂಗಸರು ನಿಲ್ಲುವ ವಾಡಿಕೆಯಿಲ್ಲ. ಪಾರ್ಸಲ್ ತೆಗೆದುಕೊಂಡು ರಸ್ತೆಯಿಂದಲೇ ಹೋಗುತ್ತಾರೆ. ಚಿಕ್ಕಬೀರಮ್ಮ ನೇರ ಬಂದು ಬೆಂಚಿನ ಎದುರೇ ನಿಂತಾಗ ಕೂತಿದ್ದವರು ಏಳಬೇಕೋ ಬೇಡವೋ ತಿಳಿಯದೆ ಅರ್ಧ ಎದ್ದರು. ಅವಳು ಸೆರಗಿನಿಂದ ತಗಡು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದಳು.

“ಬೆಳಗ್ಗೆ ನಮ್ಮೆಜಮಾನ್ರು ಇಲ್ಲಿ ನಿಂತು ಏನೋ ಅಂದ್ರಂತೆ. ಸ್ವಾಮೇರು ಆಕಿದ್ದು ಒಸ ವೈರೇ. ಕೆಲ್ಸ ಸರ್ಯಾಗೇ ಇತ್ತು. ಈ ತಗಡು ಕಟ್ಟಿ ವೈರು ಕುಯ್ಸಿದ್ದು ನಾನು. ಕೇಳಿಸ್ತಾ ಎಲ್ಲಾರ್ಗೂ?”

ಕೇಳಿಸಿತ್ತು. ಆದರೂ ನಂಜಣ್ಣ ಲೋಟ ಒರೆಸುತ್ತ, “ಪಾಪ, ಗಂಡನ್ ಮಾನ ಉಳ್ಸಾಕೆ ತನ್ಮೇಲೆ ಆಕ್ಕತಾ ಅವ್ಳೆ. ಏನೇ ಆಗ್ಲಿ, ಒಂದ್ ಕಿತ ಗುಡಿ ಮುಂದೆ...” ಎಂದು ರಾಗ ಎಳೆದ.

ಬೆಳಗಿನಿಂದ ಎದೆಯಲ್ಲಿ ಕುದಿಯುತ್ತಿದ್ದದ್ದು ಆಗ ಉಕ್ಕಿತು. “ನಂಜಣ್ಣ,” ಎಂದ ನೀಲಕಂಠಸ್ವಾಮಿ, ರಕ್ತ ಒಣಗಿದ ಬೆರಳನ್ನು ಅವನ ಕಡೆ ಚಾಚಿ, “ಎದುರಿಗೆ ನಿಂತು ನಿಜ ಹೇಳೋರನ್ನ ನಂಬೋಕಾಗಲ್ಲ, ಬೆಂಕಿ ಆರಿಸಿದ್ರೆ ಮಾತ್ರ ನಂಬ್ತೀಯ ಅಂದ್ರೆ, ನಾಳೆಯಿಂದ ನಿನ್ನ ಟೀಗೆ ನೀರು ಬೆರೆಸಿಲ್ಲ ಅಂತ ನೀನು ದಿನಾ ಬೆಳಗ್ಗೆ ಆರಿಸು. ನಾವು ಬೆಂಚಿನ ಮೇಲೆ ಕೂತು ನೋಡ್ತೀವಿ.”

ನಂಜಣ್ಣ ಲೋಟವನ್ನು ಕೆಳಗಿಟ್ಟ. ಬೆಂಚಿನವರಲ್ಲಿ ಒಬ್ಬನೂ ನಗಲಿಲ್ಲ, ಒಬ್ಬ ಮೆಲ್ಲಗೆ, “ಸ್ವಾಮಿ, ನನ್ನ ಟ್ರ್ಯಾಕ್ಟ್ರಿಂದು ಇಂಡಿಕೇಟ್ರು...” ಎಂದ. “ನಾಳೆ ತಗೊಂಡ್ ಬಾ” ಎಂದ ನೀಲಕಂಠಸ್ವಾಮಿ, ಇನ್ನೂ ಸಿಡುಕುತ್ತಲೇ. ಬಾಗಿಲಲ್ಲಿ ನಿಂತಿದ್ದ ಉಷಾರಾಣಿ ಒಳಗಿನಿಂದ ಒಂದು ಚೊಂಬು ನೀರು ತಂದು ಚಿಕ್ಕಬೀರಮ್ಮನ ಕೈಗೆ ಕೊಟ್ಟಳು.

ಇಷ್ಟು ಹೊತ್ತೂ ಮಂಚಯ್ಯ ಜೀಪಿನ ಚಕ್ರವನ್ನು ಕಾಲಿನಿಂದ ಒದ್ದು ಒದ್ದು ಗಾಳಿ ಪರೀಕ್ಷಿಸುತ್ತಿದ್ದ. ಈಗ ಬಂದ. ಬೆಂಚಿನ ಕಡೆ ಒಮ್ಮೆ ನೋಡಿದ, ಗಂಟಲು ಸರಿಮಾಡಿಕೊಂಡ, ಬೆಳಗಿನಷ್ಟು ಗಟ್ಟಿಯಾಗಿ ಅಲ್ಲದಿದ್ದರೂ ಕೊನೆಯವನಿಗೆ ಕೇಳುವಷ್ಟು ಗಟ್ಟಿಯಾಗಿ, “ಸ್ವಾಮೇರ ಕೆಲ್ಸ ಸರ್ಯಾಗಿತ್ತು. ನಾನೇ ದುಡುಕ್ದೆ” ಎಂದು, ಜೀಪಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ. “ಆ ಮೂರ್ ಜನ ಗಂಟಾಕಿರದ್ನೆಲ್ಲಾ ಬಿಚ್ಚಾಕಿ ನೀವೇ ಮದ್ಲಿಂದ ಮಾಡಿ. ಎಷ್ಟ್ ದಿನ ಆಯ್ತದೆ?”

“ಆರು ದಿನ. ಏಳೂ ಆಗ್ಬೋದು.”

“ಆಗ್ಲಿ. ಸೊಪ್ಪು ತಲೆ ಮೇಲೆ ಒತ್ಕಂಡಾದ್ರೂ ಓಯ್ತೀವಿ.”

ಗಂಡ ಹೆಂಡತಿ ರಸ್ತೆ ದಾಟಿ ಬಸ್ಸಿಗೆ ನಿಂತರು. ಬಸ್ಸು ಬರುವವರೆಗೂ ಚಿಕ್ಕಬೀರಮ್ಮನ ದನಿ ಇತ್ತಲಿನವರೆಗೂ ಕೇಳುತ್ತಿತ್ತು. ಕೊಟ್ಟಿಗೆಯ ಗೋಡೆಯ ವಿಷಯ, ಸಣ್ಣಬೀರಯ್ಯನ ಮನೆಗೆ ಇವತ್ತೇ ಸಂಜೆ ಹೋಗಿ ಬರಬೇಕಾದ ವಿಷಯ. ಮಂಚಯ್ಯ ಮಧ್ಯೆ ಮಧ್ಯೆ ‘ಊಂ’ ಅನ್ನುತ್ತಿದ್ದ. ನೀಲಕಂಠಸ್ವಾಮಿ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಬ್ಯಾಟರಿಯ ತಲೆ ಕಳಚಿ, ಕೆ.ಆರ್. ನಗರದವನು ಅಂಟಿಸಿದ್ದ ಗಾಯದ ಪಟ್ಟಿಯನ್ನು ಮೊದಲು ಕಿತ್ತೆಸೆದ.